ತೊಟ್ಟಿಯ ಗಿಡ, ಕಟ್ಟೆಯ ಕರು

ಏಳನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಅವರಪ್ಪ ಎರಡಡಿ ಉದ್ದದ ಗಾಜಿನ ತೊಟ್ಟಿ ತಂದುಕೊಟ್ಟ. ಜೊತೆಗೆ ಎಂಟು ಗಪ್ಪಿ ಮೀನು, ಒಂದು ಪ್ಲಾಸ್ಟಿಕ್ ಗಿಡ. ಎರಡೇ ದಿನಕ್ಕೆ ಹುಡುಗಿ ತಕರಾರು ತೆಗೆದಳು: "ತಾತ, ಮೀನಿಗೆ ನಿಜವಾದ ಗಿಡ ಬೇಡ್ವಾ?"

ಕುಣಿಗಲ್ಲಿನಲ್ಲಿದ್ದುಕೊಂಡು ನೀರಿನ ಗಿಡಕ್ಕೆ ಬರವೇ? ಜನಪದರು ಹಾಡಿ ಹೊಗಳಿದ ದೊಡ್ಡಕೆರೆಯೇ ಇದೆ. ಅಲ್ಲಿ ಮೀನು ಹಿಡಿಯುವವರೊಬ್ಬರನ್ನು ಕೇಳಿದೆ. ಬಲೆಗೆ ಸುತ್ತಿಕೊಂಡಿದ್ದ ಒಂದು ಹಿಡಿ ಹಸಿರನ್ನು ಬಿಡಿಸಿ ಕವರಿಗೆ ಹಾಕಿಕೊಟ್ಟರು. ನಾವು ಅದನ್ನೆಲ್ಲ ಪಾಚಿ ಎಂದೇ ಕರೆಯುವುದು. ಮೊಮ್ಮಗಳು ನೋಡಿದ ಕೂಡಲೇ, "ಇದು ಹೈಡ್ರಿಲ್ಲಾ! ಬಿಸಿಲಿಗಿಟ್ಟರೆ ಆಮ್ಲಜನಕದ ಗುಳ್ಳೆ ಬಿಡುತ್ತೆ, ಶಾಲೆಯಲ್ಲಿ ತೋರಿಸಿದಾರೆ" ಅಂದಳು. ಅಂಗಡಿಯಿಂದ ಇನ್ನೊಂದು ಗಿಡವನ್ನೂ ತಂದೆವು. ಬೀಸಣಿಗೆಯಂತೆ ಸೀಳಿದ ಎಲೆ, ಹೆಸರು ಕಬೊಂಬಾ.

ಮೊದಲ ಸಲ ಕೆಟ್ಟಿದ್ದು ನನ್ನ ಜಾಣತನದಿಂದ. ಹೂವಿನ ಗೊಂಚಲು ಕಟ್ಟುವ ಹಾಗೆ ಕಡ್ಡಿಗಳನ್ನೆಲ್ಲ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಮರಳಿಗೆ ಚುಚ್ಚಿದೆ. ವಾರದೊಳಗೆ ಬುಡ ಕೊಳೆತು ನಾರತೊಡಗಿತು. ಆಮೇಲೆ ತಾತ ಮೊಮ್ಮಗಳು ಸೇರಿ ಸರಿಯಾದ ಕ್ರಮ ಕಲಿತೆವು. ಗೇಣುದ್ದದ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಬೇಕು. ಕೆಳಗಿನ ಎರಡು ಗೆಣ್ಣಿನ ಎಲೆ ಕಿತ್ತು, ತೊಳೆದ ಮರಳಿನಲ್ಲಿ ಒಂದೊಂದನ್ನೇ ಬೆರಳಗಲ ಬಿಟ್ಟು ನೆಡಬೇಕು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಹಾಕಬೇಕು. ನೇರ ಬಿಸಿಲು ಬಿದ್ದರೆ ಗಾಜಿಗೆ ಪಾಚಿ ಕಟ್ಟುತ್ತದೆ. ಹತ್ತು ಹದಿನೈದು ದಿನಕ್ಕೆ ಗೆಣ್ಣಿನಿಂದ ದಾರದಂಥ ಬಿಳಿ ಬೇರು ಇಳಿಯಿತು. ಕತ್ತರಿಸಿದ ತಾಯಿಕಡ್ಡಿಯೂ ಸುಮ್ಮನಿರಲಿಲ್ಲ, ಪಕ್ಕದಿಂದ ಕವಲೊಡೆಯಿತು. ಒಂದು ಕತ್ತರಿಸಿದರೆ ಮೂರಾಗುವ ಲೆಕ್ಕ ಅವಳಿಗೆ ಬಲು ಇಷ್ಟವಾಯಿತು.

ಮೂರು ತಿಂಗಳಲ್ಲಿ ತೊಟ್ಟಿಯಲ್ಲಿ ಮೀನು ಕಾಣಿಸದಷ್ಟು ಹಸಿರು. ಒಂದು ಬೆಳಿಗ್ಗೆ ಗಪ್ಪಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಗಿಡ ಹಗಲು ಆಮ್ಲಜನಕ ಕೊಡುತ್ತದೆ ನಿಜ, ಆದರೆ ರಾತ್ರಿ ಮೀನಿನ ಹಾಗೆ ಅದೂ ಉಸಿರಾಡಬೇಕಲ್ಲ! ಗಾಬರಿಯಿಂದ ಅರ್ಧ ಗಿಡ ಕಿತ್ತು ಬಕೆಟ್ಟಿಗೆ ಹಾಕಿದೆವು.

"ಪಾಪ ತಾತ, ಎಸೆಯೋದು ಬೇಡ. ಕೆರೆಗೆ ಬಿಟ್ಟು ಬರೋಣ. ಅದರ ತವರು ಅಲ್ವಾ?" ಎಂದು ಬಕೆಟ್ ಎತ್ತಿಕೊಂಡಳು.

ನಾನು ಅವಳ ಕೈ ಹಿಡಿದೆ. ಅರವತ್ತು ವರ್ಷ ಯಾರಿಗೂ ಹೇಳದ ಮಾತನ್ನು ಅವತ್ತು ಹೇಳಿದೆ.

ನನಗೆ ಆಗ ಅವಳದೇ ವಯಸ್ಸು. ಬೇಸಿಗೆ ರಜೆಗೆ ಬೆಂಗಳೂರಿನ ಸೋದರಮಾವನ ಮನೆಗೆ ಹೋಗಿದ್ದೆ. ಅಲ್ಲಿನ ಕೆರೆಯಲ್ಲಿ ನೇರಳೆ ಹೂವಿನ, ಊದಿದ ತೊಟ್ಟಿನ ಗಿಡವೊಂದು ತೇಲುತ್ತಿತ್ತು. ಅಂತರಗಂಗೆ ಎನ್ನುತ್ತಾರಲ್ಲ, ಇಂಗ್ಲಿಷಿನವರ ವಾಟರ್ ಹಯಸಿಂತ್, ಅದು. ಎರಡು ಗಿಡ ಒದ್ದೆ ಟವೆಲಿನಲ್ಲಿ ಸುತ್ತಿ ತಂದು ನಮ್ಮ ಹಳ್ಳಿಯ ಕಟ್ಟೆಗೆ ಬಿಟ್ಟೆ. ಅದು ಬಳ್ಳಿ ಚಾಚಿ ಮರಿ ಹಾಕಿತು. ಮರಿಗಳು ಮರಿ ಹಾಕಿದವು. ಎರಡು ವರ್ಷಕ್ಕೆ ನೀರೇ ಕಾಣದಂತಾಯಿತು. ಒಂದು ದಿನ ಪಕ್ಕದ ಮನೆಯವರ ಕರು ಅದನ್ನು ಹಸಿರು ನೆಲ ಎಂದುಕೊಂಡು ಕಾಲಿಟ್ಟು ಮುಳುಗಿಹೋಯಿತು. ಊರಿನ ಗಂಡಸರೆಲ್ಲ ಎದೆಮಟ್ಟ ನೀರಿಗಿಳಿದು ಐದಾರು ದಿನ ಆ ಗಿಡ ಎಳೆದು ಹಾಕಿದರು. ಅವರಲ್ಲಿ ನಮ್ಮಪ್ಪನೂ ಇದ್ದರು. "ಯಾವ ಪುಣ್ಯಾತ್ಮ ತಂದನೋ" ಎಂದು ಬೈಯುತ್ತಿದ್ದರು. ನಾನು ಏರಿಯ ಮೇಲೆ ಸುಮ್ಮನೆ ನಿಂತಿದ್ದೆ.

ಮೊಮ್ಮಗಳು ಬಕೆಟ್ ಕೆಳಗಿಟ್ಟಳು. "ಆದರೆ ಹೈಡ್ರಿಲ್ಲಾ ನಮ್ಮ ಕೆರೆಯದೇ ಅಲ್ವಾ ತಾತ?"

ಅದು ನಮ್ಮದೇ. ಕಬೊಂಬಾದ ತವರು ದಕ್ಷಿಣ ಅಮೆರಿಕ, ಅಂತರಗಂಗೆಯದೂ ಅದೇ. ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ 2020ರಲ್ಲಿ ಕಾಲುವೆಯೊಂದರ ತುಂಬ ಕಬೊಂಬಾ ಹೂ ಬಿಟ್ಟು, ಆ ಗುಲಾಬಿ ಬಣ್ಣ ನೋಡಲು ಜನ ಮುಗಿಬಿದ್ದಿದ್ದರು. ಬಕೆಟ್ಟಿನಲ್ಲಿ ಎರಡೂ ಕಲೆತಿವೆ, ಒಂದು ಗೆಣ್ಣು ಜಾರಿದರೂ ಸಾಕು. ನಮ್ಮ ಹೈಡ್ರಿಲ್ಲಾ ಕೂಡ ಪರಊರಿನಲ್ಲಿ ಸಾಧುವಲ್ಲ. 1950ರ ದಶಕದಲ್ಲಿ ಮೀನಿನ ತೊಟ್ಟಿಗೆಂದು ಏಷ್ಯಾದಿಂದ ಅಮೆರಿಕದ ಫ್ಲೋರಿಡಾಗೆ ಹೋದದ್ದು ಅಲ್ಲಿನ ಕೆರೆ ಕಾಲುವೆಗಳನ್ನೆಲ್ಲ ತುಂಬಿಬಿಟ್ಟಿತು. ಅದನ್ನು ಹತೋಟಿಯಲ್ಲಿಡಲು ಅವರು ಇವತ್ತಿಗೂ ಕೋಟಿಗಟ್ಟಲೆ ಸುರಿಯುತ್ತಿದ್ದಾರೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದಳು: "ಆ ಕರು ಹೆಸರೇನು ತಾತ?"

"ಗೌರಿ" ಅಂದೆ. ಗಂಟಲು ಕಟ್ಟಿತು.

ಗಿಡವನ್ನೆಲ್ಲ ತಾರಸಿಯ ಮೇಲೆ ಹರಡಿ ಗರಿಗರಿಯಾಗಿ ಒಣಗಿಸಿ ಕರಿಬೇವಿನ ಬುಡಕ್ಕೆ ಹಾಕಿದೆವು. ಚೆನ್ನಾಗಿದ್ದ ಕೆಲವು ತುದಿಗಳನ್ನು ಅವಳು ಬಾಟಲಿಗಳಲ್ಲಿ ನೆಟ್ಟು ಗೆಳತಿಯರಿಗೆ ಹಂಚಿದಳು. ಪ್ರತಿ ಬಾಟಲಿಗೂ ಒಂದು ಚೀಟಿ: "ಹೆಚ್ಚಾದರೆ ಕೆರೆಗೆ ಬಿಡಬೇಡಿ. ಒಣಗಿಸಿ ಗೊಬ್ಬರ ಮಾಡಿ."

ನನಗೂ ಒಂದು ಬಾಟಲಿ ಸಿಕ್ಕಿದೆ, ಓದುವ ಮೇಜಿನ ಮೇಲಿದೆ. ಅದರ ಚೀಟಿಯ ಮೂಲೆಯಲ್ಲಿ ಪುಟ್ಟದೊಂದು ಕರುವಿನ ಚಿತ್ರ ಬರೆದಿದ್ದಾಳೆ.