ಎರವಲು ಹೋಗಿ ಬಂದವರು

ನಮ್ಮ ಮನೆಯ ಹುಡುಗರು ಫುಟ್‌ಬಾಲ್ ಮಾತಿಗೆ ಕುಳಿತರೆ ವಾದ ಒಂದೇ: ಹೊಸ ಡಿಫೆಂಡರುಗಳನ್ನು ಕೊಳ್ಳಬೇಕೋ, ಇರುವವರನ್ನು ನೆಚ್ಚಬೇಕೋ? ಆಗ ನನಗೆ ಲಿವರ್‌ಪೂಲ್ ತಂಡದ 2020-21ರ ಋತು ನೆನಪಾಗುತ್ತದೆ.

2020ರ ಬೇಸಗೆಯಲ್ಲಿ ಡೆಜಾನ್ ಲೊವ್ರೆನ್‌ರನ್ನು ಮಾರಿದ ಕ್ಲಬ್ಬು ಅವರ ಸ್ಥಾನಕ್ಕೆ ಯಾರನ್ನೂ ತರಲಿಲ್ಲ. ಅಕ್ಟೋಬರ್‌ನಲ್ಲಿ ವಾನ್ ಡೈಕ್, ನವೆಂಬರ್‌ನಲ್ಲಿ ಗೋಮೆಜ್, ಜನವರಿಯಲ್ಲಿ ಮಾಟಿಪ್ ಗಾಯಗೊಂಡರು. ಫಾಬಿನೋ, ಹೆಂಡರ್ಸನ್‌ರನ್ನು ರಕ್ಷಣೆಗೆ ಎಳೆದಾಗ ಮಿಡ್‌ಫೀಲ್ಡ್ ಬಡವಾಯಿತು. ಫೆಬ್ರುವರಿಯಲ್ಲಿ ಅವಸರದಿಂದ ಕೊಂಡ ಬೆನ್ ಡೇವಿಸ್ ಲಿವರ್‌ಪೂಲ್ ಪರ ಒಂದು ಅಧಿಕೃತ ಪಂದ್ಯವನ್ನೂ ಆಡಲಿಲ್ಲ.

ಕೊನೆಗೆ ಹೆಗಲು ಕೊಟ್ಟವರು ನ್ಯಾಟ್ ಫಿಲಿಪ್ಸ್ ಮತ್ತು ರೀಸ್ ವಿಲಿಯಮ್ಸ್. ಹಿಂದಿನ ಋತುವಿನಲ್ಲಿ ಫಿಲಿಪ್ಸ್ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ, ವಿಲಿಯಮ್ಸ್ ಇಂಗ್ಲೆಂಡಿನ ಆರನೆಯ ದರ್ಜೆಯ ಕಿಡರ್‌ಮಿನ್‌ಸ್ಟರ್‌ಗೆ ಎರವಲು ಹೋಗಿದ್ದವರು. ತಂಡ ಕೊನೆಯ 5 ಲೀಗ್ ಪಂದ್ಯಗಳನ್ನೂ ಗೆದ್ದು 3ನೆಯ ಸ್ಥಾನ ಪಡೆಯಿತು.

ನಿಯೋಜನೆಯ ಮೇಲೆ ಹಳ್ಳಿಯ ಶಾಲೆಗೆ ಹೋಗಿ ಬಂದ ನಾನು ಇದನ್ನು ಬಲ್ಲೆ: ಅಲ್ಲಿ ನಾಲ್ಕು ತರಗತಿಗಳನ್ನು ಒಟ್ಟಿಗೆ ನಡೆಸಿದವನಿಗೆ ಮುಂದೆ ಯಾವ ತರಗತಿಯೂ ಭಾರವೆನಿಸದು. ಎರವಲೂ ಒಂದು ಪಾಠಶಾಲೆ. ಆದರೆ ಹುಡುಗರು ನಿಭಾಯಿಸಿದರೆಂಬ ಕಾರಣಕ್ಕೆ ಹಿರಿಯರ ಅಲಕ್ಷ್ಯ ಸರಿಯೆನಿಸಿಕೊಳ್ಳುವುದಿಲ್ಲ. 2021ರಲ್ಲಿ ಕ್ಲಬ್ಬು ಇಬ್ರಾಹಿಮಾ ಕೊನಾಟೆಯವರನ್ನು ಕೊಂಡಿತು. ನೆಚ್ಚಿಕೆಯೂ ಬೇಕು, ಮುನ್ನೆಚ್ಚರಿಕೆಯೂ ಬೇಕು.