ರೋಬೋಟ್ ತಾನಾಗಿ ಕೊಯ್ಯುವುದಿಲ್ಲ, ಕಾಕಾ

ಎರಡು ವರ್ಷದ ಹಿಂದೆ ನಾವೊಂದು ಸುದ್ದಿ ಬರೆದಿದ್ದೆವು. ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದು ಹಾವೇರಿಯ ಹೋಟೆಲಿನಲ್ಲಿ ಸುದ್ದಿಗೋಷ್ಠಿ ಕರೆದಿತ್ತು. ಊಟ, ಡೈರಿ, ಪೆನ್ನು, ಎರಡು ಪುಟದ ಪತ್ರಿಕಾ ಪ್ರಕಟಣೆ. ಅದನ್ನೇ ಅಷ್ಟಿಷ್ಟು ತಿದ್ದಿ ಕಳಿಸಿದೆವು. ‘ಪ್ರಾಸ್ಟೇಟ್ ಕ್ಯಾನ್ಸರ್: ರೋಬೋಟ್‌ನಿಂದ ಯಶಸ್ವಿ ಶಸ್ತ್ರಚಿಕಿತ್ಸೆ’ ಎಂದು ಮೂರು ಕಾಲಂ ಬಂತು. ಸ್ಟ್ರಿಂಗರ್‌ಗೆ ಮೂರು ಕಾಲಂ ಅಂದರೆ ಹಬ್ಬ.

ಕಳೆದ ವರ್ಷ ಗೋವಿನಜೋಳದ ರಾಶಿ ಹೊತ್ತಿಗೆ ಕಾಕಾ ಅದೇ ಸುದ್ದಿಯ ತುಣುಕು ಹಿಡಿದುಕೊಂಡು ಮನೆಗೆ ಬಂದರು. ಕಾಕೂ ಅದನ್ನು ದೇವರ ಜಗುಲಿಯ ಫೋಟೋ ಹಿಂದೆ ಇಟ್ಟಿದ್ದರಂತೆ, ನಮ್ಮ ಹೆಸರು ಬಂದಿದೆ ಎಂದು. ಕಾಕಾಗೆ 66 ವರ್ಷ. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಿದ್ದರು. ವಯಸ್ಸಾದವರಿಗೆ ಇದ್ದದ್ದೇ ಎಂದು ವರ್ಷ ಕಳೆದಿದ್ದರು. ಹುಬ್ಬಳ್ಳಿಯಲ್ಲಿ ಪಿಎಸ್ಎ ರಕ್ತಪರೀಕ್ಷೆ ಮಾಡಿಸಿದಾಗ 11 ಬಂತು. ಸಾಮಾನ್ಯವಾಗಿ 4 ದಾಟಿದರೆ ವೈದ್ಯರು ಮುಂದಿನ ತಪಾಸಣೆ ಯೋಚಿಸುತ್ತಾರೆ. ಎಂಆರ್‌ಐ ಆಯಿತು, ಬಯಾಪ್ಸಿ ಆಯಿತು. ಗ್ಲೀಸನ್ 7, ಅಂದರೆ ಮಧ್ಯಮ ದರ್ಜೆ. ಎಲುಬಿಗೆ ಹರಡಿರಲಿಲ್ಲ.

“ನೀನ ಬರದಿಯಲ್ಲೋ, ಆ ಮಷೀನು ತಾನ ಕೊಯ್ದು ಬ್ಯಾನಿ ತಗೀತೈತಿ ಅಂತ. ಅಲ್ಲೇ ಹೋಗೂಣು. ಎರಡು ಎಕರೆ ಮಾರಿದ್ರಾತು.”

ಎರಡು ಎಕರೆ ಅಂದರೆ ಕಾಕಾಗೆ ಇದ್ದ ಹೊಲದ ಅರ್ಧ. ನಾವು ಬರೆದ ಮೂರು ಕಾಲಮ್ಮಿಗೆ ಅಷ್ಟು ಬೆಲೆ ಇತ್ತೆಂದು ನಮಗೆ ಗೊತ್ತಿರಲಿಲ್ಲ.

ಬೆಂಗಳೂರಿಗೆ ಫೋನ್ ಮಾಡಿದೆವು. ಐದು ಲಕ್ಷದ ಮೇಲಾಗುತ್ತದೆ, ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ನಮ್ಮಲ್ಲಿ ರೋಬೋಟ್ ಬರುವುದಿಲ್ಲ ಎಂದರು. ಆಮೇಲೆ, ಸುದ್ದಿಗೋಷ್ಠಿಯ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆವು. ಓದಿದೆವು, ಹುಬ್ಬಳ್ಳಿಯ ಮೂತ್ರರೋಗ ತಜ್ಞರ ಮುಂದೆ ಕುಳಿತು ಕೇಳಿದೆವು.

ಮೊದಲು ತಿಳಿದದ್ದು: ರೋಬೋಟ್ ತಾನಾಗಿ ಏನೂ ಕೊಯ್ಯುವುದಿಲ್ಲ. ಹೊಟ್ಟೆಗೆ ಐದಾರು ಸಣ್ಣ ರಂಧ್ರ ಮಾಡಿ ಅದರ ತೋಳುಗಳನ್ನು ಇಳಿಸುತ್ತಾರೆ. ಸರ್ಜನ್ ಪಕ್ಕದಲ್ಲಿ ಕುಳಿತು, ದೊಡ್ಡದಾಗಿ ಕಾಣುವ ಚಿತ್ರ ನೋಡುತ್ತ ಕೈಯಾಡಿಸುತ್ತಾರೆ. ಅವರ ಕೈ ಆಡಿದಂತೆ ಒಳಗಿನ ಕತ್ತರಿ ಆಡುತ್ತದೆ. ‘ಡಾ ವಿಂಚಿ’ ಯಂತ್ರಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಡೆಟ್ರಾಯಿಟ್‌ನಲ್ಲಿ ಪ್ರಾಸ್ಟೇಟ್‌ಗೆ ಈ ವಿಧಾನವನ್ನು ಬೆಳೆಸಿದವರು ನಮ್ಮ ದೇಶದಿಂದ ಹೋದ ಡಾ. ಮಣಿ ಮೆನನ್.

ಎರಡನೆಯದು: ಹಳೆಯ ವಿಧಾನಕ್ಕಿಂತ ಎಷ್ಟು ಮೇಲು? ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಗಂಡಸರನ್ನು ಎರಡು ಗುಂಪು ಮಾಡಿ ಹೋಲಿಸಿದ್ದಾರೆ. 2016ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅದರ ಮೊದಲ ಫಲಿತಾಂಶ ಪ್ರಕಟವಾಯಿತು. ರೋಬೋಟ್ ಗುಂಪಿನವರಿಗೆ ರಕ್ತ ಹೋದದ್ದು ಬಹಳ ಕಡಿಮೆ, ಮನೆಗೂ ಬೇಗ ಹೋದರು. ಆದರೆ ಮೂತ್ರದ ಹಿಡಿತ, ಲೈಂಗಿಕ ಶಕ್ತಿ ಎರಡರಲ್ಲೂ ಮೂರು ತಿಂಗಳಿಗೂ, ಎರಡು ವರ್ಷಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಪ್ರಕಟಣೆಯಲ್ಲಿದ್ದ ಮೊದಲ ಅರ್ಧ ನಿಜ. ಎರಡನೇ ಅರ್ಧ ಅದರಲ್ಲಿ ಇರಲಿಲ್ಲ, ನಾವೂ ಕೇಳಿರಲಿಲ್ಲ.

ಮೂರನೆಯದು: ಕೊಯ್ಯುವುದೊಂದೇ ದಾರಿಯಲ್ಲ. ವಿಕಿರಣ ಚಿಕಿತ್ಸೆಯಿದೆ, ಅದರ ಜೊತೆ ಹಾರ್ಮೋನ್ ಇಂಜೆಕ್ಷನ್ ಇದೆ. ಅಪಾಯ ಕಡಿಮೆ ಇರುವವರಿಗೆ ಪಿಎಸ್ಎ ನೋಡುತ್ತ ಕಾಯುವುದೂ ಒಂದು ಚಿಕಿತ್ಸೆಯೇ. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಸುಮಾರು 15 ವರ್ಷ ಹಿಂಬಾಲಿಸಿದ ಅಧ್ಯಯನ 2023ರಲ್ಲಿ ಬಂತು. ಕಾದವರು, ಕೊಯ್ಯಿಸಿಕೊಂಡವರು, ವಿಕಿರಣ ಪಡೆದವರು, ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಇಬ್ಬರು-ಮೂವರು. ಅವರದೆಲ್ಲ ಹರಡುವ ಮೊದಲೇ ಸಿಕ್ಕ ಕಾಯಿಲೆ ಎಂಬುದನ್ನು ಮರೆಯಬಾರದು.

“ಕಾಕಾ ಅವರ ದರ್ಜೆಗೆ ಆಪರೇಷನ್ನೂ ಆಗುತ್ತದೆ, ವಿಕಿರಣವೂ ಆಗುತ್ತದೆ. ಆಪರೇಷನ್ ಅಂದರೆ ಯಂತ್ರ ಯಾವುದು ಅಂತ ಕೇಳೋದಕ್ಕಿಂತ, ಮಾಡೋ ಡಾಕ್ಟರು ಇಂಥವು ಎಷ್ಟು ಮಾಡಿದ್ದಾರೆ ಅಂತ ಕೇಳಿ” ಎಂದರು ವೈದ್ಯರು. ಕೇಳಿದೆವು. ಅವರೇ ತೆರೆದ ವಿಧಾನದಲ್ಲಿ ಹದಿನೈದು ವರ್ಷದಿಂದ ಮಾಡುತ್ತಿದ್ದರು. ಅದು ಕಾರ್ಡಿನಲ್ಲೂ ಬರುತ್ತಿತ್ತು.

ಹೊರಡುವಾಗ ಕಾಕಾ ಕಾಕೂಗೆ, “ನೀ ಹೊರಗ ಕೂತಿರು” ಎಂದರು. ಬಾಗಿಲು ಮುಚ್ಚಿದ ಮೇಲೂ ಮಾತು ಹೊರಡಲಿಲ್ಲ, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ವೈದ್ಯರಿಗೆ ತಿಳಿಯಿತು. ಗ್ರಂಥಿಯ ಎರಡೂ ಮಗ್ಗುಲಿಗೆ ಸಣ್ಣ ನರಗಳಿವೆ, ಉಳಿಸಲು ನೋಡುತ್ತೇನೆ, ಉಳಿಸಿದರೂ ಮೊದಲಿನ ಹಾಗೇ ಆಗುತ್ತದೆಂದು ಮಾತು ಕೊಡಲಾರೆ ಎಂದರು. ಕಾಕಾ ತಲೆಯಾಡಿಸಿದರು. ಹೊರಗೆ ಬಂದಾಗ ಕಾಕೂ, “ನನಗ ಗೊತ್ತೈತಿ ಏನ್ ಕೇಳಿದ್ರಂತ. ಜೀವ ಇದ್ರ ಸಾಕು” ಎಂದರು. ನಾವು ಚಹಾ ತರುವ ನೆಪದಲ್ಲಿ ಆಚೆ ಹೋದೆವು.

ಆಪರೇಷನ್ ಆಯಿತು. ಒಂದು ಬಾಟಲಿ ರಕ್ತ ಕೊಡಬೇಕಾಯಿತು, ರೋಬೋಟ್ ಆಗಿದ್ದರೆ ಬಹುಶಃ ಬೇಕಿರಲಿಲ್ಲ. ಹತ್ತು ದಿನಕ್ಕೆ ಕೊಳವೆ ತೆಗೆದರು. ನಾಲ್ಕು ತಿಂಗಳು ಪ್ಯಾಡ್ ಕಟ್ಟಿಕೊಂಡರು, ಜಾತ್ರೆಗೆ ಹೋಗಲಿಲ್ಲ. ಈಗ ಪಿಎಸ್ಎ ಇಲ್ಲವೆನ್ನುವಷ್ಟು ಇಳಿದಿದೆ. ಹೊಲ ಉಳಿದಿದೆ. ಬಾಗಿಲು ಮುಚ್ಚಿ ಕೇಳಿದ ಪ್ರಶ್ನೆಯ ಉತ್ತರ ಅವರಿಬ್ಬರದು, ನಾವು ಕೇಳಿಲ್ಲ. ಹಣವಿದ್ದವರು, ಕೈ ಪಳಗಿದ ಸರ್ಜನ್ ಸಿಕ್ಕವರು ರೋಬೋಟ್ ಆರಿಸಿಕೊಂಡರೆ ತಪ್ಪೇನಿಲ್ಲ. ಅದಕ್ಕಾಗಿ ಹೊಲ ಮಾರಬೇಕೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಹೋದ ತಿಂಗಳು ಮತ್ತೊಂದು ಆಸ್ಪತ್ರೆಯ ಸುದ್ದಿಗೋಷ್ಠಿ ಇತ್ತು. ಖರ್ಚೆಷ್ಟು, ಕಾರ್ಡಿನಲ್ಲಿ ಬರುತ್ತದೆಯೇ, ಈ ಡಾಕ್ಟರು ಎಷ್ಟು ಮಾಡಿದ್ದಾರೆ, ಆಮೇಲೆ ಮೂತ್ರದ ಹಿಡಿತ ಎಷ್ಟು ಜನರಿಗೆ ಬಂತು ಎಂದು ಕೇಳಿದೆವು. ಎರಡಕ್ಕೆ ಉತ್ತರ ಬಂತು. ಉತ್ತರ ಬರದ ಎರಡನ್ನೂ ಬರೆದು ಕಳಿಸಿದೆವು. ಡೆಸ್ಕಿನವರು ಒಂದು ಕಾಲಮ್ಮಿಗೆ ಇಳಿಸಿದರು.

ಕಾಕಾ ಓದಿ ಹೇಳಿದರು: “ಈ ಸಲ ಮಷೀನು ಕೊಯ್ದಿಲ್ಲ ಬಿಡು. ಡಾಕ್ಟರ ಕೊಯ್ದಾರ.”