ಹೆಳವರ ಹೊತ್ತಿಗೆಯಲ್ಲಿ ಇಲ್ಲದ ಹೆಸರು

ಮಕ್ಕಳೇ, ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಅಜ್ಜನ ಅಪ್ಪನ ಹೆಸರು? ಅವರ ಅಪ್ಪನದು? ಇಷ್ಟು ಕೇಳುವಷ್ಟರಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಆದರೆ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳ್ಳಿಗಳಲ್ಲಿ ಏಳೆಂಟು ತಲೆಮಾರಿನ ಹೆಸರು ಹೇಳಬಲ್ಲವರಿದ್ದಾರೆ. ಅವರೇ ಹೆಳವರು.

ಸುಗ್ಗಿ ಮುಗಿದು ಕಾಳು ಮನೆಗೆ ಬಂದ ಮೇಲೆ ಹೆಳವರು ಊರೂರಿಗೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರು. ಒಂದೊಂದು ಹೆಳವರ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆ ಎಂಬ ಹಂಚಿಕೆ ಇರುತ್ತದೆ. ಮನೆಯ ಮೂಲ ಊರು, ಅಡ್ಡಹೆಸರು, ಯಾರ ಮಗ ಯಾರು ಎಂಬುದನ್ನೆಲ್ಲ ರಾಗವಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ಹಣ ಕೊಡುತ್ತಾರೆ. ಅನುಕೂಲ ಇದ್ದವರು ಆಕಳನ್ನೂ ಕೊಡುವುದುಂಟು.

ನಮ್ಮ ಊರು ರಾಯಬಾಗ ತಾಲೂಕಿನಲ್ಲಿ, ಕೃಷ್ಣಾ ಹೊಳೆಯ ದಂಡೆಗೆ. ಕೆಲವು ವರ್ಷಗಳ ಹಿಂದೆ ಹೆಳವರು ಬಂದಾಗ, ನಮ್ಮ ಹಿರಿಯರು ಬರಗಾಲದಲ್ಲಿ ಹೊಳೆಯಾಚೆಯ ಅಥಣಿ ಕಡೆಯಿಂದ ಬಂದವರೆಂದು ಹೇಳಿ, ಏಳು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿದರು. ಐದನೇ ಇಯತ್ತೆ ಓದುತ್ತಿದ್ದ ನನ್ನ ಮೊಮ್ಮಗಳು ಬೆರಳೆಣಿಸುತ್ತ ಕೇಳಿದಳು. ಆಮೇಲೆ, "ಮುತ್ಯಾ, ಬರೇ ಗಂಡಸರ ಹೆಸರು ಅದಾವಲ್ಲ. ಅವರ ಅವ್ವಗೋಳ ಹೆಸರು ಎಲ್ಲಿ?" ಎಂದಳು.

ಹೆಳವರು ನಕ್ಕರು. "ನೀ ಹೇಳು ತಂಗಿ, ಬರಕೋತೀನಿ" ಎಂದರು. ಹೇಳಲು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಹುಡುಕಾಟ ಶುರುವಾಯಿತು. ಅಟ್ಟದ ಟ್ರಂಕಿನಲ್ಲಿ ಹೊಲದ ಹಳೆಯ ಕಾಗದಗಳಿದ್ದವು. ಎಲ್ಲ ಮೋಡಿ ಲಿಪಿಯಲ್ಲಿ. ಮರಾಠಿಯನ್ನು ಬೇಗ ಬರೆಯಲು ಬಳಸುತ್ತಿದ್ದ, ಅಕ್ಷರಕ್ಕೆ ಅಕ್ಷರ ಕೂಡಿಸಿದ ಬರವಣಿಗೆ ಅದು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1949ರಲ್ಲಿ ಆ ಸಂಸ್ಥಾನ ಮುಂಬೈ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಬಂದೆವು. ಟ್ರಂಕಿನ ಕಾಗದ ಮಾತ್ರ ಹಳೆಯ ಲಿಪಿಯಲ್ಲೇ ಉಳಿದಿತ್ತು.

ನಿಪ್ಪಾಣಿಯ ನಿವೃತ್ತ ಮಾಸ್ತರರೊಬ್ಬರು ಭೂತಗನ್ನಡಿ ಹಿಡಿದು ಓದಿದರು. ಹೊಲ ಇಬ್ಬರು ಸಣ್ಣ ಹುಡುಗರ ಹೆಸರಿನಲ್ಲಿತ್ತು. ಅವರು ದೊಡ್ಡವರಾಗುವತನಕ ಪಾಲಕಿ ಅವರ ತಾಯಿ. ಅವಳ ಹೆಸರು ಅಲ್ಲಿತ್ತು! ನಮ್ಮ ಹೊಳೆಯ ಹೆಸರನ್ನೇ ಅವಳಿಗೆ ಇಟ್ಟಿದ್ದರು. ಆ ಹುಡುಗರಲ್ಲಿ ಸಣ್ಣವನೇ ನನ್ನ ಅಜ್ಜ.

ಚಿಕ್ಕೋಡಿಯಲ್ಲಿರುವ ನನ್ನ ಸೋದರತ್ತೆಗೆ ತೊಂಬತ್ತು ದಾಟಿದೆ. ಹೆಸರು ಹೇಳಿದ ಕೂಡಲೇ ಅವರು ಎದ್ದು ಕುಳಿತರು. "ಅದು ನಮ್ಮ ಆಯಿ ಹೆಸರಪಾ! ಗಂಡ ಸತ್ತಾಗ ಹೊಲಾ ಮಾರು ಅಂದ್ರಂತ. ಒಲ್ಲೆ ಅಂದಳಂತ. ತಾನೇ ಕುಂಟಿ ಹೊಡದು ಮಕ್ಕಳನ್ನ ಜ್ವಾಪಾನ ಮಾಡಿದಳು" ಎಂದರು. ಇಂದು ನಮ್ಮ ಕಬ್ಬು ನಿಂತಿರುವುದು ಅದೇ ಹೊಲದಲ್ಲಿ.

ಮುಂದಿನ ಸಲ ಹೆಳವರು ಬಂದಾಗ ಮೊಮ್ಮಗಳೇ ಎದುರು ಕುಳಿತು ಮುತ್ತಜ್ಜಿಯ ಹೆಸರು ಬರೆಸಿದಳು. ಅದರ ಕೆಳಗೆ ತನ್ನದೂ ಬರೆಸಿದಳು.

ನೀವೂ ಈ ರಜೆಯಲ್ಲಿ ಒಂದು ನೋಟುಬುಕ್ ಹಿಡಿಯಿರಿ. ಅಪ್ಪನ ಕಡೆಯದಷ್ಟೇ ಅಲ್ಲ, ಅವ್ವನ ಕಡೆಯದೂ ಬರೆಯಿರಿ. ಹೊಲದ ಉತಾರ, ಶಾಲೆಯ ದಾಖಲೆ, ಹಳೆಯ ಲಗ್ನಪತ್ರಿಕೆ ನೋಡಿ. ಅಡಿಗೆಮನೆಯ ಹಿತ್ತಾಳೆ ಕೊಡ, ತಾಮ್ರದ ಹಂಡೆಗಳನ್ನು ತಿರುಗಿಸಿ ನೋಡಿ. ಕೊಟ್ಟವರ ಹೆಸರು ಕೆತ್ತಿರಬಹುದು. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರನ್ನು ಕೇಳಿ. ಅಜ್ಜ, ಅಜ್ಜಿಯರೇ, ಮಕ್ಕಳು ಕೇಳಲಿ ಎಂದು ಕಾಯಬೇಡಿ. ಇಂದು ಸಂಜೆ ಊಟಕ್ಕೆ ಕುಳಿತಾಗ ನೀವೇ ಶುರು ಮಾಡಿ.